ತೊಳೆದಷ್ಟೂ ಮಬ್ಬು

— ನೀನು ಹೇಳೋದು ತಲೆಕೆಳಗಾಗಿದೆ ಕಣಪ್ಪ. ಗಾಜು ಮಬ್ಬಾಗಿದ್ದರೆ ಸರಿಯಾಗಿ ತೊಳೆದಿಲ್ಲ ಅಂತ ಯಾರು ಬೇಕಾದರೂ ಅಂತಾರೆ. ನೀನು ನೋಡಿದರೆ ತೊಳೆದಿದ್ದಕ್ಕೇ ಮಬ್ಬಾಯಿತು ಅಂತೀಯ. ಸಿರಾ ಕಡೆ ಗೌಡಗೆರೆ ಹೋಬಳಿಯಿಂದ ಹಿಡಿದು ಮಧುಗಿರಿ, ಕೊರಟಗೆರೆ, ಪಾವಗಡದವರೆಗೆ ಯಾವ ಕಾರು, ಯಾವ ಟೆಂಪೊ, ಯಾವ ಇಸ್ಕೂಲ್ ವ್ಯಾನು ನೋಡು, ಮುಂದಿನ ಗಾಜಿನ ಮೇಲೆ ಹಾಲು ಬಳಿದು ಒರೆಸಿದ ಹಾಗೆ ಒಂದು ಪೊರೆ ಇದ್ದೇ ಇರುತ್ತೆ. ನಡುಹಗಲಲ್ಲಿ ಅದು ಇದೆ ಅಂತಲೇ ಗೊತ್ತಾಗಲ್ಲ. ಸಾಯಂಕಾಲ ಮಧುಗಿರಿ ಬಿಟ್ಟು ಸಿರಾ ಕಡೆ ಹೊರಟು ಸೂರ್ಯ ಎದುರಿಗೆ ಬಂದನೋ, ರಸ್ತೆಯೇ ಮಾಯ. ಕತ್ತಲಾದ ಮೇಲೆ ಎದುರಿನ ಗಾಡಿಯ ದೀಪ ಗಾಜಿನ ತುಂಬ ಹರಡಿಕೊಂಡು ಅಂಚಿನಲ್ಲಿ ನಡೆಯೋ ಮನುಷ್ಯನೂ ಕಾಣಲ್ಲ, ದನವೂ ಕಾಣಲ್ಲ. ಮಳೆ ಕಮ್ಮಿ, ಗಾಳಿ ಜಾಸ್ತಿ, ಕ್ರಷರ್ ಧೂಳು ಬೇರೆ. ಈ ಸೀಮೆಯಲ್ಲಿ ಗಾಜು ಇನ್ನು ಹೇಗಿರಬೇಕು ಅಂತೀಯ?

— ಧೂಳಾಗಿದ್ದರೆ ಒಂದು ಒದ್ದೆ ಬಟ್ಟೆಗೆ ಹೋಗಬೇಕಿತ್ತಲ್ಲ ಅಣ್ಣ. ನಾವು ಮಾತಾಡುತ್ತಿರುವುದು ಒದ್ದೆ ಬಟ್ಟೆ ಎಳೆದ ಮೇಲೂ, ವಾಟರ್ ಸರ್ವಿಸ್‌ಗೆ ಬಿಟ್ಟು ತಂದ ಮೇಲೂ, ಸೋಪು ಹಾಕಿ ತಿಕ್ಕಿದ ಮೇಲೂ ಹೋಗದ ಮಬ್ಬಿನ ವಿಷಯ. ಎಷ್ಟು ಸಲ ತೊಳೆದರೂ ಏನೋ ಒಂದು ಉಳಿಯುತ್ತಿದೆ ಎಂದರೆ, ಅದು ತೊಳೆಯುವ ನೀರಿನಲ್ಲೇ ಬರುತ್ತಿರಬಹುದೇ ಎಂದು ಮೊದಲು ನೋಡಬೇಕು. ನಮ್ಮ ಬೋರ್‌ವೆಲ್ ನೀರು ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ: ಬೇಳೆ ಬೇಯದ ನೀರು, ಸೋಪಿಗೆ ನೊರೆ ಬಾರದ ನೀರು. ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಮೂತಿಯಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಐಎಸ್ 10500 ಮಾನದಂಡದಲ್ಲಿ ಕರಗಿದ ಒಟ್ಟು ಲವಣ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಒಪ್ಪಿಗೆ. ನಡುವೆ ಎಲ್ಲೋ, 1,000 ಎಂದು ಇಟ್ಟುಕೊಳ್ಳಿ. ಕಾರಿನ ಮುಂದಿನ ಗಾಜು ಹೆಚ್ಚುಕಡಿಮೆ ಒಂದು ಚದರ ಮೀಟರ್. ತೊಳೆದು ಬಿಟ್ಟ ಮೇಲೆ ಅದರ ಮೇಲೆ ಹನಿಹನಿಯಾಗಿ ಐವತ್ತು ಮಿಲಿಲೀಟರ್ ನೀರು ನಿಂತು ಒಣಗಿತು ಎನ್ನೋಣ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಐವತ್ತು ಮಿಲಿಗ್ರಾಂ ಉಪ್ಪು ಗಾಜಿನ ಮೇಲೇ ಕೂರುತ್ತದೆ. ವಾರಕ್ಕೊಂದು ಸಲದಂತೆ ವರ್ಷವಿಡೀ ತೊಳೆದರೆ ಎರಡೂವರೆ ಗ್ರಾಂ. ಗಾಜಿನ ತುಂಬ ಸಮನಾಗಿ ಹರಡಿದರೆ ಸುಮಾರು ಒಂದು ಮೈಕ್ರಾನ್ ದಪ್ಪದ ಕಲ್ಲಿನ ಪದರ. ಪ್ರತಿ ಸಲ ತೊಳೆದಾಗ ಹಿಂದಿನದು ಸ್ವಲ್ಪ ಕೊಚ್ಚಿಹೋಗುತ್ತದೆ, ನಿಜ. ಆದರೆ ಅದು ಸಮನಾಗಿ ಕೂರುವುದೂ ಇಲ್ಲ. ಹನಿ ಒಣಗುವಾಗ ಉಪ್ಪೆಲ್ಲ ಅಂಚಿಗೆ ಸರಿದು ಉಂಗುರ ಕಟ್ಟುತ್ತದೆ. ಉಂಗುರದ ಮೇಲೆ ಉಂಗುರ ಬಿದ್ದು ಬಿದ್ದು ಕೊನೆಗೆ ಒಂದೇ ಮಬ್ಬಾಗಿ ಕಾಣುತ್ತದೆ.

— ಒಂದು ಮೈಕ್ರಾನ್ ಅಂದರೆ ತಲೆಗೂದಲಿನ ಎಪ್ಪತ್ತನೇ ಒಂದು ಪಾಲೋ ಏನೋ. ಅಷ್ಟು ತೆಳು ಪೊರೆ ರಸ್ತೆಯನ್ನೇ ಮರೆಮಾಡುತ್ತೆ ಅಂದರೆ ನಂಬೋದು ಹೇಗೆ? ಬೆಳಕು ಅದನ್ನು ದಾಟಿಕೊಂಡು ಬರುತ್ತಲ್ಲ.

— ದಾಟಿಕೊಂಡೇ ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಅದೇ ಅಳತೆಯ ಕಣಗಳು ದಾರಿಯಲ್ಲಿದ್ದರೆ ಬೆಳಕು ನಿಲ್ಲುವುದಿಲ್ಲ, ಚದುರುತ್ತದೆ. ಅದೂ ಬಹುಪಾಲು ಮುಂದಕ್ಕೆ, ಸ್ವಲ್ಪ ಸ್ವಲ್ಪ ಓರೆಯಾಗಿ. ಹಗಲಲ್ಲಿ ಎಲ್ಲ ಕಡೆಯಿಂದಲೂ ಬೆಳಕು ಬರುವಾಗ ಈ ಚದುರುವಿಕೆ ಗೊತ್ತಾಗುವುದಿಲ್ಲ. ಎದುರಿಗೆ ಸೂರ್ಯನೋ ಹೆಡ್‌ಲೈಟೋ ಒಂದೇ ಪ್ರಖರವಾದ ಬೆಳಕು ಇದ್ದಾಗ ಅದರ ಒಂದು ಪಾಲು ಗಾಜಿನ ಉದ್ದಗಲಕ್ಕೂ ಚೆಲ್ಲಿ, ಅಂಚಿನಲ್ಲಿ ನಡೆಯುವವನಿಂದ ಬರುವ ಮಂಕು ಬೆಳಕನ್ನು ಮುಳುಗಿಸಿಬಿಡುತ್ತದೆ. ನಮ್ಮ ಕಾನೂನೂ ಈ ವ್ಯತ್ಯಾಸವನ್ನು ಹಿಡಿಯುವುದಿಲ್ಲ, ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ನೂರಕ್ಕೆ 70ರಷ್ಟು ಬೆಳಕನ್ನಾದರೂ ಬಿಡಬೇಕು, ಪಕ್ಕದ ಗಾಜು 50ರಷ್ಟು. ಇದೇ ನಿಯಮ ಹಿಡಿದು 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗಾಜಿಗೆ ಅಂಟಿಸುವ ಕಪ್ಪು ಫಿಲಂಗೆ ತಡೆ ಹಾಕಿತು. ಗಾಜು ಎಷ್ಟು ಬೆಳಕು ಬಿಡುತ್ತದೆ ಎಂದು ನಿಯಮ ಕೇಳುತ್ತದೆ. ಬಿಟ್ಟ ಬೆಳಕು ನೆಟ್ಟಗೆ ಬರುತ್ತದೆಯೇ ಚದುರಿ ಬರುತ್ತದೆಯೇ ಎಂದು ಕೇಳುವುದಿಲ್ಲ. ಮಬ್ಬು ಹಿಡಿದ ಗಾಜು 70ರ ಪರೀಕ್ಷೆಯಲ್ಲಿ ಪಾಸಾಗಿಯೂ ಸಂಜೆ ಆರಕ್ಕೆ ಕುರುಡಾಗಬಹುದು.

— ಆಯ್ತು, ಬರೀ ನೀರಲ್ಲಿ ತೊಳೆಯೋರಿಗೆ ನಿನ್ನ ಲೆಕ್ಕ ಸರಿ. ಸೋಪು ಹಾಕಿ ತಿಕ್ಕೋರ ಗಾಜು ಇನ್ನೂ ಮಬ್ಬಾಗಿರುತ್ತೆ. ಅದಕ್ಕೇನಂತೀಯ? ಕೊಳೆ ಬಿಡಿಸೋದಕ್ಕೇ ಅಲ್ಲವಾ ಸೋಪು ಇರೋದು?

— ಅದು ನನ್ನ ಮಾತಿಗೆ ವಿರೋಧವಲ್ಲ, ದೊಡ್ಡ ಸಾಕ್ಷಿ. ಬಟ್ಟೆ ಸೋಪಾಗಲಿ ಮೈ ಸೋಪಾಗಲಿ, ಅದು ಎಣ್ಣೆಯ ಆಮ್ಲದ ಸೋಡಿಯಂ ಲವಣ. ಗಡಸು ನೀರಿಗೆ ಬಿದ್ದ ಕೂಡಲೇ ಸೋಡಿಯಂ ಬಿಟ್ಟು ಕ್ಯಾಲ್ಸಿಯಂ ಹಿಡಿಯುತ್ತದೆ. ಹುಟ್ಟುವುದು ಕ್ಯಾಲ್ಸಿಯಂ ಸ್ಟಿಯರೇಟ್‌ನಂಥ, ನೀರಿನಲ್ಲಿ ಕರಗದ ಜಿಡ್ಡು. ಬಚ್ಚಲ ಬಕೆಟ್ಟಿನ ಒಳಗೋಡೆಗೆ ಬೂದಿಬಣ್ಣದ ಗೆರೆಯಾಗಿ ಅಂಟುವುದು ಅದೇ. ನೊರೆ ಬರಲಿಲ್ಲವೆಂದು ಇನ್ನೊಂದಿಷ್ಟು ಸೋಪು ತಿಕ್ಕಿದರೆ ಇನ್ನೊಂದಿಷ್ಟು ಜಿಡ್ಡು. ಗಾಜಿನ ಮೇಲೆ ಇಂಥ ಸೋಪಿನ ಪೊರೆ ಎಷ್ಟು ಗಟ್ಟಿಯಾಗಿ, ಎಷ್ಟು ತೆಳುವಾಗಿ ಕೂರಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲೇ ಒಂದು ಪುರಾವೆ ಇದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಕ್ಯಾಥರಿನ್ ಬ್ಲಾಡ್ಜೆಟ್ 1938ರಲ್ಲಿ ಗಾಜಿನ ಮೇಲೆ ಬೇರಿಯಂ ಸ್ಟಿಯರೇಟ್‌ನ ಪದರಗಳನ್ನು ಒಂದರ ಮೇಲೊಂದು ಕೂರಿಸಿದರು. ಒಂದೊಂದು ಪದರವೂ ಒಂದೇ ಅಣುವಿನಷ್ಟು ದಪ್ಪ. ನಲವತ್ತನಾಲ್ಕು ಪದರಗಳಾದಾಗ ಗಾಜಿನ ಪ್ರತಿಫಲನ ಅಳಿಸಿಹೋಗಿ ಗಾಜೇ ಕಾಣದಂತಾಯಿತು. ಬೇರಿಯಂ ಇದ್ದ ಜಾಗದಲ್ಲಿ ಕ್ಯಾಲ್ಸಿಯಂ ಇಟ್ಟರೆ ಅದು ನಮ್ಮ ಬಕೆಟ್ಟಿನ ಜಿಡ್ಡಿನ ಒಡಹುಟ್ಟು. ಅವರು ಅಳೆದು ಸಮನಾಗಿ ಕೂರಿಸಿದರು, ಗಾಜು ಮಾಯವಾಯಿತು. ನಾವು ಅಳತೆಯಿಲ್ಲದೆ ಬಳಿಯುತ್ತೇವೆ, ರಸ್ತೆ ಮಾಯವಾಗುತ್ತದೆ. ಕಾರಿಗೆಂದು ಮಾರುವ ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಈ ಅರ್ಥದಲ್ಲಿ ಸೋಪಲ್ಲ. ಅವು ಕ್ಯಾಲ್ಸಿಯಂ ಜೊತೆ ಹೀಗೆ ಗಂಟು ಹಾಕಿಕೊಳ್ಳುವುದಿಲ್ಲ. ಬಾರ್ ಸೋಪು ಬಿಟ್ಟು ಶಾಂಪೂವಿನ ನಾಲ್ಕು ಹನಿ ಬಳಸಿದರೇ ಅರ್ಧ ತೊಂದರೆ ಕಡಿಮೆ.

— ಹೊರಗಿನ ಗಾಜಿನ ಮಾತು ಇದು. ಒಳಗೆ? ಒಳಗಿನ ಗಾಜಿಗೆ ಯಾರೂ ಪೈಪ್ ಹಿಡಿಯಲ್ಲ, ಸೋಪು ತಿಕ್ಕಲ್ಲ. ಅಲ್ಲೂ ಮಬ್ಬು ಇರುತ್ತೆ. ಬೆರಳು ಎಳೆದರೆ ಗೆರೆ ಬೀಳುತ್ತೆ. ತೊಳೆದದ್ದರಿಂದ ಮಬ್ಬು ಅನ್ನೋ ನಿನ್ನ ಸಿದ್ಧಾಂತ ಒಳಗೆ ಬರೋ ಹೊತ್ತಿಗೆ ಬಿದ್ದುಹೋಯ್ತಲ್ಲ.

— ಬೀಳುವುದಿಲ್ಲ, ಅಲ್ಲಿ ಇನ್ನೊಂದು ಪದಾರ್ಥ ಅದೇ ಆಟ ಆಡುತ್ತದೆ. ಡ್ಯಾಶ್‌ಬೋರ್ಡು, ಸೀಟಿನ ರೆಕ್ಸಿನ್ನು ಮೆತ್ತಗಿರಲೆಂದು ಪಿವಿಸಿ ಪ್ಲಾಸ್ಟಿಕ್ಕಿಗೆ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದು ಸ್ವಲ್ಪ ಸ್ವಲ್ಪ ಆವಿಯಾಗಿ, ಬಿಸಿಲಿಳಿದ ಮೇಲೆ ತಣ್ಣಗಾದ ಗಾಜಿನ ಮೇಲೆ ಕೂರುತ್ತದೆ. ಕಾರು ಕಂಪನಿಗಳಿಗೆ ಇದು ಹೊಸ ಸುದ್ದಿಯಲ್ಲ. ಒಳಗಿನ ಸಾಮಗ್ರಿಯನ್ನು ಕಾಯಿಸಿ ಅದು ಗಾಜಿಗೆ ಎಷ್ಟು ಪೊರೆ ಕಟ್ಟುತ್ತದೆ ಎಂದು ಅಳೆಯುವುದಕ್ಕೆಂದೇ ಐಎಸ್‌ಒ 6452 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಇದೆ. ಇದರ ಮೇಲೆ ನಾವು ಸೇರಿಸುವುದು ಎರಡು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಡ್ಯಾಶ್‌ಬೋರ್ಡಿನ ದೇವರಿಗೆ ಹಚ್ಚುವ ಊದುಬತ್ತಿ ಒಂದು. ಮುಚ್ಚಿದ ಗಾಡಿಯಲ್ಲಿ ಅದರ ಹೊಗೆಯ ಜಿಡ್ಡು ಮೊದಲು ತಾಗುವುದು ಎದುರಿನ ಗಾಜಿಗೆ. ಇನ್ನೊಂದು, ಡ್ಯಾಶ್‌ಬೋರ್ಡು ಫಳಫಳ ಹೊಳೆಯಲೆಂದು ಬಳಿಯುವ ಸಿಲಿಕೋನ್ ಪಾಲಿಶ್. ಪಾಲಿಶ್ ಹಚ್ಚಿದ ಬಟ್ಟೆಯನ್ನೇ ಮಡಿಸಿ ಗಾಜಿಗೂ ಒಂದು ಸಲ ಎಳೆಯುತ್ತಾರಲ್ಲ, ಅಲ್ಲಿಗೆ ಶುಚಿ ಮಾಡುವ ಕೈಯೇ ಮಬ್ಬು ತಂದಿತು. ನಾನು ಹೇಳುತ್ತಿರುವುದೂ ಅದನ್ನೇ ಅಣ್ಣ: ಏನನ್ನು ತೆಗೆದೆವು ಎಂಬುದನ್ನಷ್ಟೇ ನಾವು ನೋಡುತ್ತೇವೆ, ಅದರ ಜಾಗದಲ್ಲಿ ಏನನ್ನು ಒಣಗಲು ಬಿಟ್ಟೆವು ಎಂದು ನೋಡುವುದಿಲ್ಲ. ಒಳಗಿನ ಪೊರೆಗೆ ನೀರು ದಂಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅರ್ಧಕ್ಕರ್ಧ ಶುದ್ಧ ನೀರು ಬೆರೆಸಿ, ಒಂದು ಬಟ್ಟೆಯಲ್ಲಿ ಹಚ್ಚಿ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ. ಬಾಗಿಲು ತೆರೆದಿರಲಿ; ಬೆಂಕಿಕಡ್ಡಿ, ಬೀಡಿ, ಊದುಬತ್ತಿ ಹತ್ತಿರ ಬೇಡ. ಅದು ಬೇಗ ಹೊತ್ತಿಕೊಳ್ಳುವ ವಸ್ತು.

— ಬೆಂಗಳೂರಲ್ಲಿ ಕಾವೇರಿ ನೀರಲ್ಲಿ ತೊಳೆದ ಕಾರಿಗೂ ಮಬ್ಬು ಹಿಡಿಯುತ್ತೆ ಕಣಪ್ಪ. ಅಲ್ಲಿ ಗಡಸು ನೀರು ಎಲ್ಲಿ ಬಂತು?

— ಹಿಡಿಯುತ್ತದೆ. ಅದು ಡೀಸೆಲ್ ಹೊಗೆಯ ಮಸಿ, ಟೈರು ಮತ್ತು ಟಾರಿನ ಜಿಡ್ಡು. ಶಾಂಪೂವಿಗೋ ಆಲ್ಕೋಹಾಲಿಗೋ ಒಂದೇ ಕೈಗೆ ಹೋಗುವ ಜಾತಿ. ಹೆದ್ದಾರಿ 48ರ ಮೇಲೆ ದಿನವೂ ಲಾರಿಗಳ ಹಿಂದೆ ಓಡಾಡುವ ಸಿರಾ ಗಾಡಿಗಳಿಗೂ ಅದು ಇದ್ದದ್ದೇ. ಯಾವ ಮಬ್ಬು ಯಾವುದೆಂದು ಅದರ ಆಕಾರವೇ ಹೇಳುತ್ತದೆ. ವೈಪರ್ ಓಡುವ ಕಮಾನಿನೊಳಗೆ ಮಾತ್ರ ಇದ್ದರೆ ಗೀರು. ಕಮಾನಿನ ಆಚೆ, ವೈಪರ್ ಮುಟ್ಟದ ಮೂಲೆಗಳಲ್ಲಿ ಹೆಚ್ಚಾಗಿದ್ದರೆ ನೀರಿನ ಉಪ್ಪು. ಗಾಜಿನ ಅಂಚಿನಿಂದ ಒಳಕ್ಕೆ ಮೋಡದಂತೆ ಹಬ್ಬುತ್ತಿದ್ದರೆ ಅದು ಮೇಲ್ಮೈಯದ್ದೇ ಅಲ್ಲ: ಮುಂದಿನ ಗಾಜು ಎಂದರೆ ಎರಡು ಗಾಜು, ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ಆ ಹಾಳೆ ಅಂಚಿನಲ್ಲಿ ಬಿಟ್ಟುಕೊಂಡಿರುತ್ತದೆ. ಒಳಗೂ ಹೊರಗೂ ನೀರು ಹಚ್ಚಿ ನೋಡಿ. ಒದ್ದೆಯಾಗಿರುವಷ್ಟು ಹೊತ್ತು ಮಬ್ಬು ಮಾಯವಾದರೆ ಅದು ಮೇಲಿನದು, ಪ್ರಯತ್ನಪಟ್ಟರೆ ಹೋದೀತು. ಒದ್ದೆಯಾದರೂ ಹಾಗೇ ಇದ್ದರೆ ಗಾಜಿನ ನಡುವಿನದು. ಅದಕ್ಕೆ ಜಗತ್ತಿನ ಯಾವ ಔಷಧಿಯೂ ಇಲ್ಲ, ಗಾಜೇ ಬದಲಾಗಬೇಕು.

— ಇನ್ನೊಂದು ಮಾತು ನಮ್ಮ ಕಡೆ ಬಹಳ ಕೇಳಿಬರುತ್ತೆ. ಪಾವಗಡದ ನೀರಲ್ಲಿ ಫ್ಲೋರೈಡ್ ಇದೆ, ಹಲ್ಲು ಕರೆಗಟ್ಟಿಸುತ್ತೆ, ಮೂಳೆ ಬಗ್ಗಿಸುತ್ತೆ. ಗಾಜಿಗೆ ಹೂವು ಕೊರೆಯೋರು ಬಳಸೋದೂ ಫ್ಲೋರೈಡೇ ಅಂತೆ. ಹಂಗಾದರೆ ಈ ನೀರು ಗಾಜನ್ನೇ ತಿಂದು ಮಬ್ಬು ಮಾಡುತ್ತಿರಬೇಕು, ಅದಕ್ಕೇ ಏನು ಮಾಡಿದರೂ ಹೋಗಲ್ಲ ಅಂತಾರೆ. ಈ ವಾದದಲ್ಲಿ ಹುರುಳಿದೆ ಅನ್ನಿಸುತ್ತಪ್ಪ.

— ಹೆಸರು ಒಂದೇ, ಪದಾರ್ಥ ಬೇರೆ. ಗಾಜು ಕೊರೆಯುವುದು ಹೈಡ್ರೊಫ್ಲೋರಿಕ್ ಆಮ್ಲ. ನಮ್ಮ ನೀರಿನಲ್ಲಿರುವುದು ಕರಗಿದ ಫ್ಲೋರೈಡ್ ಲವಣ, ಅದೂ ಲೀಟರಿಗೆ ಕೆಲವೇ ಮಿಲಿಗ್ರಾಂ. ಮಾನದಂಡ ಒಪ್ಪುವ ಗರಿಷ್ಠ ಮಿತಿ 1.5. ಹತ್ತಿಪ್ಪತ್ತು ವರ್ಷ ದಿನವೂ ಕುಡಿದ ಮೂಳೆಗೆ ಅದು ದೊಡ್ಡ ವಿಷ, ಗಾಜಿಗೆ ಏನೂ ಅಲ್ಲ. ಆಮ್ಲವಲ್ಲದ ನೀರಿನಲ್ಲಿ ಅದು ಗಾಜಿನ ಸಿಲಿಕಾವನ್ನು ಮುಟ್ಟುವುದಿಲ್ಲ. ನೀರು ಒಣಗಿದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಪುಡಿಯಲ್ಲಿ ಒಂದು ಚಿಟಿಕೆಯಾಗುತ್ತದೆ, ಅಷ್ಟೆ. ಆದರೆ ಈ ವಾದವನ್ನು ನಂಬಿದವರು ‘ಜೋರಾದ’ ಆಸಿಡ್ ಹುಡುಕಿಕೊಂಡು ಹೋಗುತ್ತಾರಲ್ಲ, ಅಪಾಯ ಅಲ್ಲಿದೆ. ತುಕ್ಕು ತೆಗೆಯುವ, ಅಲಾಯ್ ವೀಲ್ ಬೆಳಗುವ ಕೆಲವು ದ್ರವಗಳಲ್ಲಿ ನಿಜವಾದ ಹೈಡ್ರೊಫ್ಲೋರಿಕ್ ಆಮ್ಲವೋ ಅದರ ಲವಣವೋ ಇರುತ್ತದೆ. ಅದು ಗಾಜನ್ನು ಖಂಡಿತ ತಿನ್ನುತ್ತದೆ. ಚರ್ಮಕ್ಕೆ ಬಿದ್ದರೆ ಮೊದಮೊದಲು ಉರಿಯೂ ಗೊತ್ತಾಗದೆ ಒಳಗಿಳಿದು ಮೂಳೆಯ ಕ್ಯಾಲ್ಸಿಯಂಗೆ ಕೈ ಹಾಕುತ್ತದೆ. ಗಾಜಿನ ಮಬ್ಬಿಗೆ ಅದರ ಹತ್ತಿರವೂ ಹೋಗಬಾರದು.

ಏನು ಮಾಡಿದರೂ ಹೋಗದಿರುವುದಕ್ಕೆ ಬೇರೆ ಕಾರಣ ಇದೆ, ಅದೂ ನಮ್ಮ ನೆಲದ್ದೇ. ಇದು ಗ್ರಾನೈಟಿನ ಸೀಮೆ. ಮಧುಗಿರಿಯ ಏಕಶಿಲಾ ಬೆಟ್ಟ ರಾಮನಗರದ ಬಂಡೆಗಳ ಸಾಲಿನದೇ, ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಈ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಸುಣ್ಣದ ಜೊತೆಗೆ ಸಿಲಿಕಾವೂ ಕರಗಿರುತ್ತದೆ. ಒಣಗಿದಾಗ ಸುಣ್ಣವನ್ನು ಗಾಜಿಗೆ ಬೆಸೆಯುವುದು ಈ ಸಿಲಿಕಾ, ಗಾಜೂ ಸಿಲಿಕಾವೇ ಆದ್ದರಿಂದ. ನಿನ್ನೆಯ ಕಲೆ ನಿಂಬೆರಸಕ್ಕೂ ಹೋಗುತ್ತದೆ, ಎರಡು ಬೇಸಿಗೆ ಬೆಂದ ಕಲೆಗೆ ಆಮ್ಲ ತಾಗಿದರೂ ಮಬ್ಬು ಅರ್ಧ ಉಳಿಯುತ್ತದೆ. ಸುಣ್ಣ ಕರಗಿತು, ಸಿಲಿಕಾ ಉಳಿಯಿತು.

— ನಿಂಬೆರಸ ಅಂದೆಯಲ್ಲ, ಹುಣಸೆಹಣ್ಣು ಯಾಕಾಗಬಾರದು? ತುಮಕೂರು ಮಂಡಿಗೆ ನಮ್ಮ ಕಡೆಯಿಂದಲೇ ಹೋಗುತ್ತೆ. ಹಿತ್ತಾಳೆ ಚೊಂಬು, ತಾಮ್ರದ ಹಂಡೆ ಬೆಳಗೋದು ಅದರಲ್ಲೇ. ಹುಳಿ ಹುಳಿಯೇ ಅಲ್ಲವೇನು?

— ಹಿತ್ತಾಳೆಗೆ ಹುಣಸೆಯನ್ನು ಮೀರಿದ್ದಿಲ್ಲ. ಗಾಜಿನ ಸುಣ್ಣಕ್ಕೆ ಮಾತ್ರ ಅದು ಸಲ್ಲದು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ. ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಅದು ಕ್ಯಾಲ್ಸಿಯಂ ಟಾರ್ಟ್ರೇಟ್ ಆಗುತ್ತದೆ. ಆ ಲವಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಗಾಜಿನ ಮೇಲೇ ಇನ್ನೊಂದು ಬಿಳುಪಾಗಿ ಕೂರುತ್ತದೆ. ನಿಂಬೆ ಉಪ್ಪಿನ ಸಿಟ್ರಿಕ್ ಆಮ್ಲ ಅದಕ್ಕಿಂತ ವಾಸಿ, ಒಣಗುವ ಮುಂಚೆ ತೊಳೆದರೆ. ಎಲ್ಲಕ್ಕಿಂತ ಹೊಂದುವುದು ಕಿರಾಣಿ ಅಂಗಡಿಯ ವಿನೆಗರ್. ಅದರ ಅಸಿಟಿಕ್ ಆಮ್ಲ ಕಟ್ಟುವ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, ಹಾಗಾಗಿ ಹರಿದುಹೋಗುತ್ತದೆ. ಕೋಲಾ ಸುರಿಯುವವರೂ ಇದ್ದಾರೆ. ಅದರಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು ನಿಜ, ಸಕ್ಕರೆ ಅದಕ್ಕಿಂತ ಹೆಚ್ಚು. ಇರುವೆಗಳಿಗೆ ಹಬ್ಬ.

ಯಾವ ಹುಳಿ ಎನ್ನುವುದಕ್ಕಿಂತ ಯಾವುದರ ಹಿಂದೆ ಯಾವುದು ಎನ್ನುವುದು ದೊಡ್ಡದು. ಬಹಳ ಜನ ನೇರವಾಗಿ ಹುಳಿ ಹಾಕಿ, ಕೆಲಸ ಆಗಲಿಲ್ಲ ಎಂದು ಕೈಬಿಡುತ್ತಾರೆ. ಸುಣ್ಣದ ಮೇಲೆ ಸೋಪಿನ ಜಿಡ್ಡು, ಡೀಸೆಲ್ ಜಿಡ್ಡು ಕೂತಿದ್ದರೆ ಹುಳಿ ಸುಣ್ಣವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಮೊದಲು ಧಾರಾಳ ನೀರು ಹರಿಸಿ ಧೂಳು ಇಳಿಸಬೇಕು, ಒಣಗಾಜನ್ನು ಉಜ್ಜಬಾರದು. ಆಮೇಲೆ ಶಾಂಪೂ, ಅದೂ ಒಣಗಿದ ಮೇಲೆ ಆಲ್ಕೋಹಾಲು. ಜಿಡ್ಡು ಹೋಯಿತೇ ಎಂದು ನೋಡಲು ಶುದ್ಧ ನೀರು ಚಿಮುಕಿಸಿದರೆ ಸಾಕು: ನೀರು ಮಣಿಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ, ಹಾಳೆಯಂತೆ ಹರಡಿಕೊಂಡರೆ ಬರಿಗಾಜು. ಆಮೇಲೆ ವಿನೆಗರ್. ಬಟ್ಟೆಯನ್ನು ಅದರಲ್ಲಿ ನೆನೆಸಿ, ನೆರಳಿನಲ್ಲಿ, ತಣ್ಣಗಿರುವ ಗಾಜಿನ ಮೇಲೆ ಹತ್ತು ನಿಮಿಷ ಹಾಸಿಡಬೇಕು, ಒಣಗಲು ಬಿಡಬಾರದು. ಕರಗುವುದಕ್ಕೆ ಹೊತ್ತು ಬೇಕು, ಕೈಯ ಜೋರು ಬೇಡ. ಪೇಂಟಿನ ಮೇಲೆ ಇಳಿದರೆ ಕೂಡಲೇ ನೀರು ಹಾಕಿ. ಹುಳಿ ಬಿದ್ದ ಸೋಪಿನ ಜಿಡ್ಡು ಮತ್ತೆ ಎಣ್ಣೆಯ ಆಮ್ಲವಾಗಿ ಉಳಿಯುವುದರಿಂದ ಕೊನೆಗೆ ಇನ್ನೊಮ್ಮೆ ಆಲ್ಕೋಹಾಲು ಎಳೆಯಬೇಕು. ವೈಪರಿನ ರಬ್ಬರಿಗೂ ಅದೇ ಬಟ್ಟೆ ಎಳೆಯುವುದನ್ನು ಮರೆಯಬಾರದು. ಹಳೆಯ ಜಿಡ್ಡೆಲ್ಲ ಅಲ್ಲಿ ಕೂತು, ಮೊದಲ ಮಳೆಗೆ ಮತ್ತೆ ಗಾಜಿಗೆ ಬಳಿಯುತ್ತದೆ.

— ಉಜ್ಜಬೇಡ ಅಂತೀಯ. ಕೆಲವರು ಟೂತ್‌ಪೇಸ್ಟ್ ಹಾಕಿ ತಿಕ್ಕುತ್ತಾರೆ, ಬೂದಿ ಹಾಕುತ್ತಾರೆ, ಪಾತ್ರೆ ತಿಕ್ಕೋ ಸ್ಟೀಲ್ ನಾರು ಹಿಡಿಯುತ್ತಾರೆ. ಎಷ್ಟೋ ಸಲ ಫಲ ಕಂಡಿರುತ್ತೆ.

— ಫಲ ಕಾಣುತ್ತದೆ, ಯಾಕೆಂದರೆ ಪೊರೆಯ ಜೊತೆ ಗಾಜೂ ಸ್ವಲ್ಪ ಹೋಗಿರುತ್ತದೆ. ಗಡಸುತನದ ಅಳತೆಯಲ್ಲಿ ಗಾಜು ಐದೂವರೆಯ ಆಸುಪಾಸು, ನಮ್ಮ ಗ್ರಾನೈಟಿನ ಬೆಣಚು ಏಳು. ಕ್ರಷರ್ ಧೂಳಿನ ಬಹುಪಾಲು ಕಣಗಳು ಗಾಜಿಗಿಂತ ಗಟ್ಟಿ. ಬೆಳಿಗ್ಗೆ ಗಾಡಿ ತೆಗೆಯುವಾಗ ಒಣಬಟ್ಟೆಯಲ್ಲಿ ಗಾಜು ಒರೆಸುವುದು, ನೀರು ಚಿಮ್ಮಿಸದೆ ವೈಪರ್ ಹಾಕುವುದು, ಇವೆರಡೂ ಗಾಜಿಗೆ ಉಪ್ಪುಕಾಗದ ಎಳೆದಂತೆಯೇ. ನನ್ನ ವಾದಕ್ಕೆ ಒಂದು ಮಿತಿ ಇದ್ದರೆ ಅದು ಇಲ್ಲಿದೆ: ವೈಪರ್ ಕಮಾನಿನೊಳಗಿನ ಮಬ್ಬಿಗೆ ನೀರು ಕಾರಣವಲ್ಲ, ನೀರಿಲ್ಲದಿರುವುದು ಕಾರಣ. ಅದಕ್ಕೂ ಸಿಲಿಕಾ ಬೆಸೆದ ಹಳೆಯ ಕಲೆಗೂ ಉಳಿಯುವ ದಾರಿ ಸೀರಿಯಂ ಆಕ್ಸೈಡ್, ಕನ್ನಡಿ ಕೆಲಸದವರು ಬಳಸುವ ನುಣುಪಾದ ಪುಡಿ. ನೀರಲ್ಲಿ ಕಲಸಿ ಫೆಲ್ಟ್ ಬಿಲ್ಲೆಯಲ್ಲಿ ನಿಧಾನವಾಗಿ ಉಜ್ಜಿದರೆ ಗಾಜಿನ ಮೇಲ್ಪದರ ನಯವಾಗುತ್ತದೆ. ಒಂದೇ ಕಡೆ ಹೊತ್ತುಗಟ್ಟಲೆ ಉಜ್ಜಿದರೆ ಅಲ್ಲಿ ತಗ್ಗಾಗಿ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಅದು ಮಬ್ಬಿಗಿಂತ ಕೆಟ್ಟದ್ದು. ಉಗುರಿಗೆ ಸಿಕ್ಕುವಷ್ಟು ಆಳದ ಗೀರಿಗೆ ಅದೂ ಬೇಡ, ಗಾಜು ಬದಲಿಸುವುದೇ ಸರಿ.

— ಇಷ್ಟೆಲ್ಲ ಮಾಡಿ, ಮತ್ತೆ ಅದೇ ಬೋರ್ ನೀರಲ್ಲಿ ತೊಳೆಯೋದು ತಾನೆ? ಶುದ್ಧ ನೀರು ಬೇಕು ಅಂತೀಯ. ಹಳ್ಳಿ ಹಳ್ಳಿಯ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು, ಕ್ಯಾನು ಹಿಡಿದು ಹೆಂಗಸರು ಸಾಲುಗಟ್ಟಿ ನಿಂತಿರುತ್ತಾರೆ. ಆ ನೀರನ್ನು ತಂದು ಕಾರು ತೊಳೆಯೋದು ಅಂದರೆ ನನಗೆ ಸರಿ ಕಾಣಲ್ಲಪ್ಪ. ಬರದ ಸೀಮೆ ಇದು.

— ನನಗೂ ಸರಿ ಕಾಣುವುದಿಲ್ಲ. ಕಾರು ತೊಳೆಯಲು ಆ ನೀರು ಬೇಕಾಗಿಯೂ ಇಲ್ಲ. ಗಾಜಿಗೆ ಉಪ್ಪು ಬರುವುದು ಹರಿದುಹೋದ ನೀರಿನಿಂದ ಅಲ್ಲ, ನಿಂತು ಒಣಗಿದ ನೀರಿನಿಂದ. ನೂರು ಲೀಟರ್ ಬೋರ್ ನೀರು ಹರಿದರೂ ಗಾಜಿಗೆ ಏನೂ ಆಗದು, ಕೊನೆಯ ಐವತ್ತು ಮಿಲಿಲೀಟರನ್ನು ಒಣಗಲು ಬಿಡದಿದ್ದರೆ. ಪೆಟ್ರೋಲ್ ಬಂಕಿನಲ್ಲಿ ಗಾಜು ಒರೆಸುವ ರಬ್ಬರ್ ಪಟ್ಟಿ ಇದೆಯಲ್ಲ, ಅದನ್ನು ಮೇಲಿನಿಂದ ಕೆಳಗೆ ಎಳೆದು, ಹಿಂದೆಯೇ ಒಗೆದ ಒಣಬಟ್ಟೆ ಹಾಯಿಸಿದರೆ ಒಂದು ಹನಿ ಶುದ್ಧ ನೀರೂ ಬೇಡ. ಇನ್ನೂ ಚೊಕ್ಕ ಬೇಕೆನ್ನುವವರಿಗೆ ಕೊನೆಯ ಕೈಗೆ ಅರ್ಧ ಲೀಟರ್ ಸಾಕು. ಮಳೆಗಾಲದಲ್ಲಿ ತಾರಸಿ ನೀರು ಹಿಡಿದಿಟ್ಟರೆ ಅದೂ ಉಳಿಯಿತು. ಮೊದಲ ಮಳೆಯ ಧೂಳು ಹೋದ ಮೇಲಿನ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ತೊಳೆಯುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಮಟಮಟ ಮಧ್ಯಾಹ್ನ ಕಾದ ಗಾಜಿಗೆ ಪೈಪ್ ಹಿಡಿದರೆ ಒರೆಸುವ ಮುಂಚೆಯೇ ನೀರು ಆರಿ ಉಂಗುರ ಕಟ್ಟಿರುತ್ತದೆ.

ಗಾಜಿನ ವ್ಯವಹಾರವನ್ನೇ ಬದುಕು ಮಾಡಿಕೊಂಡವರು ಇದನ್ನು ಬಲ್ಲರು. ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ, 2018ರಲ್ಲಿ ಶುರುವಾದ 2,050 ಮೆಗಾವಾಟಿನ ಸೌರ ಪಾರ್ಕು ಇದೆ. ಅಲ್ಲಿಯ ಫಲಕಗಳೆಲ್ಲ ಆಕಾಶಕ್ಕೆ ಮುಖ ಮಾಡಿದ ಗಾಜು. ಸೌರ ಫಲಕ ಮಾಡುವ ಕಂಪನಿಗಳ ಕೈಪಿಡಿಗಳು ಗಡಸು ನೀರಿನಲ್ಲಿ ತೊಳೆಯಬೇಡಿ, ಬಿಸಿಯಾಗಿರುವಾಗ ತೊಳೆಯಬೇಡಿ ಎಂದು ಎಚ್ಚರಿಸುತ್ತವೆ. ಅವರಿಗೆ ಮಬ್ಬು ಎಂದರೆ ಕಡಿಮೆಯಾದ ಯೂನಿಟ್ಟು, ಕೈಬಿಟ್ಟ ದುಡ್ಡು. ಅದಕ್ಕೇ ನೀರಿನ ಲವಣ ಅಳೆಯುತ್ತಾರೆ. ಕಾರಿನವನ ನಷ್ಟ ಯಾವ ಮೀಟರಿನಲ್ಲೂ ಓಡುವುದಿಲ್ಲ.

— ಲಾರಿಯವರ ಉಪಾಯವೇ ಸುಲಭ ಬಿಡು. ಮಳೆ ಬಂದರೆ ಒಂದು ಹಿಡಿ ಹೊಗೆಸೊಪ್ಪು ಗಾಜಿಗೆ ಉಜ್ಜುತ್ತಾರೆ, ನೀರು ಹರಡಿಕೊಂಡು ರಸ್ತೆ ಕಾಣುತ್ತೆ.

— ಆ ಒಂದು ಮಳೆಗೆ ಸರಿ. ನೀರು ಮಣಿಗಟ್ಟದೆ ಹಾಳೆಯಾಗಿ ಹರಿಯುತ್ತದೆ, ಹಾಳೆಯಾದ ನೀರಿನ ಹಿಂದೆ ಮಬ್ಬು ಕಾಣುವುದಿಲ್ಲ. ಮಳೆ ನಿಂತು ಒಣಗಿದ ಮೇಲೆ ಹೊಗೆಸೊಪ್ಪಿನ ರಸವೂ ಹಳೆಯದರ ಮೇಲೆ ಸೇರಿಕೊಂಡಿರುತ್ತದೆ.

— ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರೋ ಯೋಜನೆ ಇದೆ, ಸಿರಾ ಕೆರೆಗೆ ಹೇಮಾವತಿ ಬರುತ್ತೆ. ಹೊಳೆ ನೀರು ಬಂದರೆ ಈ ರಗಳೆ ತಪ್ಪುತ್ತಾ?

— ಹೊಳೆ ನೀರು ಬೋರ್ ನೀರಿಗಿಂತ ಮೆದು, ಹೊಸ ಪೊರೆ ನಿಧಾನವಾಗಿ ಕಟ್ಟುತ್ತದೆ. ಹಳೆಯದು ತಾನಾಗಿ ಹೋಗುವುದಿಲ್ಲ. ಅಲ್ಲದೆ ಆ ನೀರು ಬರುವುದು ಅಡುಗೆಮನೆಯ ನಲ್ಲಿಗೆ. ಗಾಡಿ ಹೋಗುವುದು ಸ್ವಂತ ಬೋರ್ ಕೊರೆಸಿಕೊಂಡ ವಾಟರ್ ಸರ್ವಿಸ್‌ಗೆ; ಅವರು ಅದೇ ನೀರು ಹೊಡೆದು, ಕೆಳಗಡೆ ಹೊಳೆಯಲಿ ಎಂದು ಡೀಸೆಲ್ ಸಿಂಪಡಿಸಿ, ಗಾಡಿಯನ್ನು ಬಿಸಿಲಿಗೆ ಒಣಗಲು ನಿಲ್ಲಿಸುತ್ತಾರೆ. ಗಾಜಿಗೆ ಬೇರೆ ಬಟ್ಟೆ ಇಟ್ಟು, ನೀರು ಆರುವ ಮುಂಚೆ ಒರೆಸಿಕೊಡಿ ಎಂದು ಅಲ್ಲಿ ಕೇಳಬೇಕು.

— ಕೇಳಿದರೆ ಇಪ್ಪತ್ತು ರೂಪಾಯಿ ಜಾಸ್ತಿ ಅಂತಾನೆ.

— ಡೀಸೆಲ್ ಹೊಡೆಯೋದು ಬೇಡ ಅನ್ನಿ ಅಣ್ಣ, ಲೆಕ್ಕ ಸರಿಹೋಗುತ್ತೆ.